ಬಲ್ಬ್ ಹಾಕ್ಸೋಕೂ ಡಿಸೈನರ್ ಬೇಕಾ?

ತುಮಕೂರಿಂದ ರಿಟೈರ್ಡ್ ಎಲೆಕ್ಟ್ರಿಕಲ್ ಇಂಜಿನಿಯರ್ ಒಬ್ರು ಬರೆದಿದ್ದಾರೆ: "ಜಪಾನಿನ ಲೈಟಿಂಗ್ ಡಿಸೈನರ್ ಮೊತೊಕೊ ಇಶೀ ಅವರ ಬಗ್ಗೆ ಎರಡು ಪುಟ ಹಾಕಿದ್ದೀರಿ. ಕಟ್ಟಡ ಕಟ್ಟಿದವರನ್ನ ಬಿಟ್ಟು ಬಲ್ಬ್ ಹಾಕ್ಸಿದವರಿಗೆ ಇಷ್ಟು ಜಾಗ ಯಾಕೆ? ಕರೆಂಟೂ ದಂಡ."

ಕರೆಂಟಿನ ಮಾತು ಒಪ್ಪಿದೆ ಸ್ವಾಮಿ. ಮಿಕ್ಕಿದ್ದಕ್ಕೆ ಮಾತ್ರ ಜಗಳ ಇದೆ.

1938ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ಈ ಹೆಂಗಸು ಆರ್ಟ್ಸ್ ಯೂನಿವರ್ಸಿಟಿ ಮುಗಿಸಿ, 1965ರಲ್ಲಿ ಫಿನ್ಲೆಂಡಿಗೆ ಹೋಗಿ ಲಿಸಾ ಯೋಹಾನ್ಸನ್-ಪಾಪೆ ಅನ್ನೋ ಇನ್ನೊಬ್ಬ ಹೆಣ್ಣುಮಗಳ ಹತ್ರ ದೀಪದ ಕೆಲಸ ಕಲಿತು, ಅಲ್ಲಿಂದ ಜರ್ಮನಿಗೂ ಹೋಗಿ, 1968ರಲ್ಲಿ ಊರಿಗೆ ವಾಪಸ್ ಬಂದು ಸ್ವಂತ ಆಫೀಸ್ ತೆರೆದ್ರು. ಎರಡೇ ವರ್ಷಕ್ಕೆ ಒಸಾಕಾದ ಎಕ್ಸ್‌ಪೋ, ಅಂದ್ರೆ ವಿಶ್ವ ಮೇಳದ ಕೆಲಸ ಸಿಕ್ತು. ಆಮೇಲೆ 1973ರ ತೈಲ ಬಿಕ್ಕಟ್ಟು ಬಂತು ನೋಡಿ, ನೀವು ಹೇಳೋ ಕರೆಂಟಿನ ಚಿಂತೆ ಜಪಾನಿಗೂ ಹತ್ತಿ ನಿಯಾನ್ ಬೋರ್ಡುಗಳೆಲ್ಲ ಆರಿದ್ವು. ಅಂಥಾದ್ರಲ್ಲೂ 1978ರಲ್ಲಿ ಈಕೆ ಕೈಯಿಂದ ದುಡ್ಡು ಹಾಕಿ ಕ್ಯೋಟೋದ ಹಳೇ ಕಟ್ಟಡಗಳಿಗೆ ಬೆಳಕು ಬಿಟ್ಟು ಜನಕ್ಕೆ ತೋರಿಸಿದ್ರು. ಕಂಟ್ರಾಕ್ಟೂ ಇಲ್ಲ, ಬಿಲ್ಲೂ ಇಲ್ಲ. ನಮ್ಮಲ್ಲಿ ಯಾರಾದ್ರೂ ಮಾಡ್ತಾರಾ ಹೇಳಿ.

ಟೋಕಿಯೋ ಟವರ್ ಕಥೆ ನಿಮಗೇ ಅಂತ ಇಟ್ಕೊಂಡಿದ್ದೆ. 1958ರಲ್ಲಿ ಎದ್ದ 333 ಮೀಟರ್ ಕಬ್ಬಿಣದ ಗೋಪುರ ಅದು, ಮೊದಲು ಅಂಚಿಗೆ ಮಾತ್ರ ಸಾಲು ಬಲ್ಬ್ ಕಟ್ಟಿದ್ರು, ರಾತ್ರಿ ನೋಡಿದ್ರೆ ಬರೀ ಗೆರೆ ಕಾಣೋದು. 1989ರಲ್ಲಿ ಇಶೀ ಬೆಳಕನ್ನ ಆ ಉಕ್ಕಿನ ಮೇಲೇ ಬೀಳೋ ಹಾಗೆ ತಿರುಗಿಸಿದ್ರು, ಆಗ ಕಾಣಿಸ್ತು ಒಳಗಿನ ಜಾಲರಿ ಎಲ್ಲ. ಚಳಿಗಾಲಕ್ಕೆ ಬೆಚ್ಚಗಿನ ಕಿತ್ತಳೆ, ಬೇಸಿಗೆಗೆ ತಣ್ಣನೆ ಬಿಳಿ. ಒಂದು ಸೋಡಿಯಂ ಲ್ಯಾಂಪು, ಇನ್ನೊಂದು ಮೆಟಲ್ ಹಾಲೈಡು, ನಿಮ್ಮ ಸರ್ವೀಸಲ್ಲಿ ಎಷ್ಟು ಹಾಕ್ಸಿದ್ದೀರೋ ಲೆಕ್ಕ ಇರಲ್ಲ. ಸಾಮಾನು ಅದೇ ಸ್ವಾಮಿ, ಎಲ್ಲಿಗೆ ಬೆಳಕು ಬೀಳಬೇಕು, ಎಲ್ಲಿ ಕತ್ತಲೆ ಹಾಗೇ ಉಳೀಬೇಕು ಅಂತ ತೀರ್ಮಾನ ಮಾಡಿದ ತಲೆ ಬೇರೆ. ನಾನು ಎರಡು ಪುಟ ಕೊಟ್ಟಿದ್ದು ಆ ತಲೆಗೆ.

ಜಪಾನಿನ ಕೋಬೆ ಊರಿನ ಹತ್ರ ಸಮುದ್ರದ ಮೇಲೆ 1998ರಲ್ಲಿ ಶುರುವಾದ ಅಕಾಶಿ ತೂಗುಸೇತುವೆ ಬೆಳಕೂ ಇವರದ್ದೇ. ಸುಮಾರು ನಾಲ್ಕು ಕಿಲೋಮೀಟರ್ ಸೇತುವೆ, ಋತು ಬದಲಾದ ಹಾಗೆ ಕೇಬಲ್ಲಿನ ಬಣ್ಣ ಬದಲಾಗುತ್ತೆ.

ನಮ್ಮ ಕಡೆ ನೋಡಿ ಈಗ. ಸಾವಿರ ವರ್ಷದ ಕಲ್ಲಿನ ದೇವಸ್ಥಾನಕ್ಕೆ ನೇರಳೆ, ಹಸಿರು, ಗುಲಾಬಿ ಎಲ್‌ಇಡಿ ಹೊಡೀತಾರೆ, ಕೆತ್ತನೆ ಎಲ್ಲ ಚಪ್ಪಟೆ. ಉದ್ಘಾಟನೆ ಕಲ್ಲಲ್ಲಿ ಸಚಿವರಿಂದ ಹಿಡಿದು ಗುತ್ತಿಗೆದಾರರ ತನಕ ಹೆಸರಿರುತ್ತೆ, ಬೆಳಕಿಗೆ ಪ್ಲಾನ್ ಹಾಕಿದವರದ್ದು ಇರಲ್ಲ, ಯಾಕಂದ್ರೆ ಪ್ಲಾನೇ ಹಾಕಿರಲ್ಲ. ನಿಮ್ಮ ಕರೆಂಟು ನಿಜವಾಗ್ಲೂ ದಂಡ ಆಗ್ತಿರೋದು ಅಲ್ಲಿ, ಅದರ ಬಗ್ಗೆ ಒಂದು ಪತ್ರ ಬರೀರಿ, ಮೊದಲನೇ ಪುಟದಲ್ಲೇ ಹಾಕ್ತೀನಿ.