ಶುಕ್ರವಾರ ಹೊರಟು ಭಾನುವಾರ ವಾಪಸ್: ಕೊಲಂಬೊ, ಕ್ಯಾಂಡಿ ಎರಡೂ ಆಗುತ್ತಾ?

ನಿಮ್ಮ ರೋಟರಿ ಕ್ಲಬ್‌ನ ಹದಿನೈದು ಜನ ಒಂದೇ ವಾರಾಂತ್ಯದಲ್ಲಿ ಶ್ರೀಲಂಕಾದ ಕೊಲಂಬೊ ಮತ್ತು ಕ್ಯಾಂಡಿಯ ಟ್ವಿನ್ ಕ್ಲಬ್‌ಗಳನ್ನು (ನಿಮ್ಮ ಕ್ಲಬ್ ಜೊತೆ ಸ್ನೇಹದ ನಂಟು ಇಟ್ಟುಕೊಂಡಿರೋ ಜೋಡಿ ಕ್ಲಬ್‌ಗಳು) ನೋಡಿ ಬರಬಹುದಾ ಅಂತ ಕೇಳಿದ್ದೀರಿ. ಆಗುತ್ತೆ, ಆದರೆ ಬೇರೆ ಏನೂ ನೋಡೋಕೆ ಆಗಲ್ಲ.

ಬೆಂಗಳೂರಿನಿಂದ ವಿಮಾನ ಒಂದೂವರೆ ಗಂಟೆಯಷ್ಟೇ, ಗಡಿಯಾರ ಬದಲಿಸುವ ಗೋಜೂ ಇಲ್ಲ. ಸಮಯ ತಿನ್ನೋದು ಕ್ಯಾಂಡಿ ರಸ್ತೆ. ಕೊಲಂಬೊದಿಂದ ಸುಮಾರು 115 ಕಿ.ಮೀ., ಆದರೆ ಮೂರು ಗಂಟೆಗೂ ಜಾಸ್ತಿ ಹಿಡಿಯಬಹುದು. ವಿಮಾನ ನಿಲ್ದಾಣ ಇರೋದು ಕಟುನಾಯಕದಲ್ಲಿ, ಕೊಲಂಬೊದ ಉತ್ತರಕ್ಕೆ. ಹಾಗಾಗಿ ಇಳಿದವರು ನೇರವಾಗಿ ಕ್ಯಾಂಡಿಗೆ ಹೋಗಿ, ಶನಿವಾರ ಮಧ್ಯಾಹ್ನ ಕೊಲಂಬೊಗೆ ಬಂದುಬಿಡಿ. ಭಾನುವಾರ ವಿಮಾನಕ್ಕೆ ಹತ್ತಿರ ಇರುತ್ತೀರಿ.

ಕ್ಲಬ್‌ಗಳ ವಾರದ ಸಭೆ ಹೆಚ್ಚಾಗಿ ಕೆಲಸದ ದಿನಗಳಲ್ಲೇ ನಡೆಯುತ್ತೆ. ಅವರ ಕಾರ್ಯದರ್ಶಿಗೆ ಮೊದಲೇ ಬರೆದು, ನಿಮಗಾಗಿ ಒಂದು ಸಂಜೆ ಕೂಟ ಇಟ್ಟುಕೊಳ್ಳಲು ಕೇಳಿ. ಬದಲಾಯಿಸಿಕೊಳ್ಳೋಕೆ ನಿಮ್ಮ ಕ್ಲಬ್ ಬ್ಯಾನರ್ ಮರೀಬೇಡಿ (ಇದನ್ನು ಮರೆಯೋ ಕ್ಲಬ್‌ಗಳು ಎಷ್ಟೋ!).

ಟಿಕೆಟ್ ಮಾಡೋ ಮುಂಚೆ ಹುಣ್ಣಿಮೆ ನೋಡಿ. ಅಲ್ಲಿ ಪ್ರತಿ ಹುಣ್ಣಿಮೆ ಪೋಯ ರಜೆ, ಆ ದಿನ ಮದ್ಯ ಮಾರಾಟ ಇಲ್ಲ. ಡಿನ್ನರ್‌ನಲ್ಲಿ ಗ್ಲಾಸ್ ಎತ್ತಬೇಕು ಅನ್ನೋ ಸದಸ್ಯರು ಇದ್ದೇ ಇರ್ತಾರಲ್ವಾ. ಜುಲೈ-ಆಗಸ್ಟ್‌ನ ಎಸಳ ಪೆರಹೆರ ಮೆರವಣಿಗೆ ಹೊತ್ತಲ್ಲಿ ಕ್ಯಾಂಡಿಯಲ್ಲಿ ರೂಮು ಸಿಗೋದೇ ಕಷ್ಟ, ಆ ಸಮಯ ಬಿಟ್ಟುಬಿಡಿ. ಕ್ಯಾಂಡಿಯ ದಳದಾ ಮಾಳಿಗಾವಕ್ಕೆ (ಬುದ್ಧನ ಹಲ್ಲಿನ ಅವಶೇಷ ಇರೋ ದೇವಾಲಯ) ಹೋಗೋದಾದರೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಶ್ರೀಲಂಕಾ ದೇಶದೊಳಗೆ ಹೋಗೋಕೆ ಬೇಕಾದ ಪ್ರವೇಶ ಪರವಾನಗಿಯ ನಿಯಮ ಆಗಾಗ ಬದಲಾಗುತ್ತೆ, ಅಲ್ಲಿನ ಸರ್ಕಾರಿ ಜಾಲತಾಣದಲ್ಲೇ ನೋಡಿ, ಏಜೆಂಟ್ ಮಾತು ನಂಬಿ ಸುಮ್ನೆ ಕೂರಬೇಡಿ.