ಲೌಂಜ್‌ನಲ್ಲಿ ಬಫೆ ಬಿಡಿ, ಬಚ್ಚಲು ನೋಡಿ

ನೀವು ಕೇಳಿದ್ದು ಇಷ್ಟು: ತಿಂಗಳಿಗೆ ಮೂರು ನಾಲ್ಕು ಸಲ ಬೆಂಗಳೂರಿಂದ ದೆಹಲಿ, ಮುಂಬೈ ಓಡಾಟ ಇದೆ. ವರ್ಷಕ್ಕೆ ಎರಡು ಸಲ ಯುರೋಪ್. ಯಾವ ಏರ್‌ಪೋರ್ಟ್ ಲೌಂಜ್ ಚೆನ್ನಾಗಿದೆ? ಲೌಂಜ್‌ಗೋಸ್ಕರ ವರ್ಷಕ್ಕೆ 10,000 ರೂಪಾಯಿ ಶುಲ್ಕದ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಬಹುದಾ?

ಮೊದಲು ನನ್ನ ಕಥೆ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ನಾನು ಪೀಣ್ಯದ ಒಂದು ಕಾರ್ಖಾನೆಯವನು. ನಾವು ಮಾರಿದ ಯಂತ್ರ ಎಲ್ಲಿಗೆ ಹೋಗುತ್ತದೋ ಅದರ ಹಿಂದೆ ನಾನೂ ಹೋಗಿ, ಕೂರಿಸಿ, ಓಡಿಸಿ ತೋರಿಸಿ ಬರಬೇಕು. ಹನ್ನೊಂದು ವರ್ಷದಿಂದ ಇದೇ ಕೆಲಸ. ಕಂಪನಿ ಕೊಡಿಸುವುದು ಎಕಾನಮಿ ಟಿಕೆಟ್. ಹಾಗಾಗಿ ಷಾಂಪೇನ್ ಯಾವ ಲೌಂಜ್‌ನಲ್ಲಿ ಚೆನ್ನಾಗಿದೆ ಅಂತ ನನ್ನನ್ನು ಕೇಳಬೇಡಿ. ಎಲ್ಲಿ ಕಾಲು ಚಾಚಬಹುದು, ಎಲ್ಲಿ ಬಿಸಿನೀರು ಬರುತ್ತದೆ ಅಂತ ಕೇಳಿ, ಹೇಳುತ್ತೇನೆ.

ನಮ್ಮ ದೇಶದೊಳಗಿನ ಪ್ರಯಾಣದ ಮಾತು ಮೊದಲು. ದೆಹಲಿ, ಮುಂಬೈಗೆ ಹೋಗಿಬರುವವರಿಗೆ ಲೌಂಜ್ ಒಂದು ತಿಂಡಿ ಮನೆ, ಅಷ್ಟೇ. ಬೆಂಗಳೂರಿನ ಎರಡೂ ಟರ್ಮಿನಲ್‌ಗಳಲ್ಲಿ ‘080’ ಅನ್ನೋ ಹೆಸರಿನ ಲೌಂಜ್ ಇದೆ. ನಮ್ಮೂರಿನ ಎಸ್‌ಟಿಡಿ ಕೋಡೇ ಹೆಸರು, ಅದೊಂದು ನನಗೆ ಇಷ್ಟ. ಒಳಗೆ ಇಡ್ಲಿ, ಉಪ್ಪಿಟ್ಟು, ಕಾಫಿ ಎಲ್ಲಾ ಉಂಟು. ಆದರೆ ಬೆಳಗ್ಗೆ ಐದರಿಂದ ಎಂಟರ ಹೊತ್ತಿಗೆ ದೇಶದ ಯಾವುದೇ ದೊಡ್ಡ ಏರ್‌ಪೋರ್ಟ್‌ನ ಲೌಂಜ್ ಮುಂದೆ ನಿಂತು ನೋಡಿ. ಮದುವೆ ಮನೆಯ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಜನ ನಿಂತಿರುತ್ತಾರೆ. ಒಂದು ಕೈಯಲ್ಲಿ ಕಾರ್ಡ್, ಇನ್ನೊಂದರಲ್ಲಿ ಬೋರ್ಡಿಂಗ್ ಪಾಸ್. ಒಂದು ಸಲ ನಾನು ಹಾಗೆ 35 ನಿಮಿಷ ನಿಂತು ಒಳಗೆ ಹೋದೆ. ಕೂರಲು ಜಾಗ ಸಿಗಲಿಲ್ಲ. ತಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿ ಎರಡು ಇಡ್ಲಿ ತಿಂದು ಓಡಿದೆ. ಹೊರಗಡೆ ದುಡ್ಡು ಕೊಟ್ಟು ತಿಂದಿದ್ದರೆ ಕೂತು ತಿನ್ನಬಹುದಿತ್ತು.

ಈ ನೂಕುನುಗ್ಗಲಿಗೆ ಕಾರಣ ಸರಳ. ಕಾರ್ಡ್ ಉಜ್ಜಿದಾಗ ನಿಮ್ಮ ಖಾತೆಯಿಂದ ಹೋಗುವುದು 2 ರೂಪಾಯಿ, ಕೆಲವು ಕಾರ್ಡ್‌ಗಳಲ್ಲಿ 25. ಅದು ಕಾರ್ಡ್ ಜೀವಂತ ಇದೆಯಾ ಅಂತ ನೋಡುವುದಕ್ಕೆ ಮಾತ್ರ. ನಿಜವಾದ ದುಡ್ಡನ್ನು ಪ್ರತಿ ತಲೆಗೆ ಇಷ್ಟು ಅಂತ ಬ್ಯಾಂಕ್ ಅಥವಾ ಕಾರ್ಡ್ ಜಾಲದವರು ಲೌಂಜ್ ನಡೆಸುವವರಿಗೆ ಕಟ್ಟುತ್ತಾರೆ. ಸಾಮಾನ್ಯ ಡೆಬಿಟ್ ಕಾರ್ಡ್‌ಗೂ ಈ ಸೌಲಭ್ಯ ಕೊಟ್ಟು ಕೊಟ್ಟು ಬ್ಯಾಂಕುಗಳಿಗೆ ಅದು ಭಾರವಾಯಿತು. ಈಗ ಒಂದೊಂದಾಗಿ ಷರತ್ತು ಹಾಕುತ್ತಿದ್ದಾರೆ. ಐಸಿಐಸಿಐ ಬ್ಯಾಂಕನ್ನೇ ನೋಡಿ. 2024ರ ಏಪ್ರಿಲ್‌ನಿಂದ ಅದರ ಹಲವು ಕಾರ್ಡ್‌ಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ 35,000 ರೂಪಾಯಿ ಖರ್ಚು ಮಾಡಿದವರಿಗೆ ಮಾತ್ರ ಲೌಂಜ್. ಅದೇ ವರ್ಷ ನವೆಂಬರ್‌ನಲ್ಲಿ ಅದು 75,000 ಆಯಿತು. ಬೇರೆ ಬ್ಯಾಂಕುಗಳೂ ಇದೇ ದಾರಿ ಹಿಡಿದಿವೆ. ಬಿಟ್ಟಿ ಇಡ್ಲಿಗೋಸ್ಕರ 75,000 ಖರ್ಚು ಮಾಡುವಷ್ಟು ದಡ್ಡರು ನಾವಲ್ಲ, ಅಲ್ವಾ?

ಇನ್ನೊಂದು ಮಾತು. ಬೆಂಗಳೂರಿನ ಟರ್ಮಿನಲ್ 2ರಿಂದ ಹೊರಡುವುದಾದರೆ ಲೌಂಜ್ ಅಗತ್ಯವೇ ಕಡಿಮೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಆ ಕಟ್ಟಡದಲ್ಲಿ ಬಿದಿರಿನ ಚಾವಣಿ ಇದೆ, ತೂಗುಹಾಕಿದ ಗಿಡಗಳಿವೆ, ಒಳಗೇ ನೀರು ಬೀಳುವ ಸದ್ದಿದೆ. ಗೇಟ್ ಹತ್ತಿರ ಒಂದು ಖಾಲಿ ಮೂಲೆ ಹಿಡಿದು ಕೂತರೆ ತುಂಬಿದ ಲೌಂಜ್‌ಗಿಂತ ಎಷ್ಟೋ ವಾಸಿ.

ಈಗ ಹೊರದೇಶ. ಲೌಂಜ್‌ಗೆ ನಿಜವಾದ ಬೆಲೆ ಬರುವುದು ಇಲ್ಲಿ.

ಫ್ರಾಂಕ್‌ಫರ್ಟ್ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ವಿಮಾನ ಹೊರಡುವುದು ನಡುರಾತ್ರಿ ಕಳೆದ ಮೇಲೆ. ಮನೆ ಬಿಟ್ಟಿದ್ದು ಹಿಂದಿನ ರಾತ್ರಿ. ಒಂಬತ್ತು ಹತ್ತು ಗಂಟೆ ಮಧ್ಯದ ಸೀಟಿನಲ್ಲಿ ಮುದುಡಿಕೊಂಡು ಕೂತು ಬೆಳಗ್ಗೆ ಇಳಿಯುತ್ತೀರಿ. ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನ, ಆಮೇಲೆ ಗಿರಾಕಿಯ ಕಾರು, ಆಮೇಲೆ ನೇರ ಕಾರ್ಖಾನೆಯೊಳಕ್ಕೆ. ಮೊದಲ ಸಲ ನಾನು ಹಾಗೇ ಹೋಗಿದ್ದೆ. ಕೈಕುಲುಕಿದ ಜರ್ಮನ್ ಎಂಜಿನಿಯರ್ ಅರ್ಧ ಹೆಜ್ಜೆ ಹಿಂದೆ ಸರಿದು ನಿಂತ. ಏನೂ ಅನ್ನಲಿಲ್ಲ ಪಾಪ. ನನಗೇ ಗೊತ್ತಾಯಿತು.

ಆಮೇಲಿಂದ ಇಳಿದ ತಕ್ಷಣ ಲೌಂಜ್‌ನ ಕೌಂಟರ್‌ಗೆ ಹೋಗಿ ಮೊದಲು ಶವರ್‌ಗೆ ಹೆಸರು ಬರೆಸುತ್ತೇನೆ. ಕಾಫಿ ಆಮೇಲೆ. ಬೆಳಗ್ಗೆ ಏಷ್ಯಾದ ವಿಮಾನಗಳೆಲ್ಲ ಒಟ್ಟಿಗೆ ಇಳಿಯುವುದರಿಂದ ಅರ್ಧ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ಸರದಿ ಬಂದಾಗ ಕರೆಯುತ್ತಾರೆ. ಚಿಕ್ಕ ಕೋಣೆ. ದಪ್ಪ ಬಿಳಿ ಟವೆಲ್, ಗೋಡೆಗೆ ಅಂಟಿಸಿದ ಸೋಪಿನ ಬಾಟಲಿ, ಬಟ್ಟೆ ತೂಗುಹಾಕಲು ಒಂದು ಗೂಟ, ಕನ್ನಡಿ ಪಕ್ಕ ಹೇರ್ ಡ್ರೈಯರ್. ನಲ್ಲಿ ತಿರುಗಿಸಿದರೆ ಬೆನ್ನು ಸುಡುವಂಥ ಬಿಸಿನೀರು. ಹತ್ತು ನಿಮಿಷ ನಿಂತು ಹೊರಗೆ ಬಂದರೆ ಬೇರೆಯೇ ಮನುಷ್ಯ. ಆ ಹತ್ತು ನಿಮಿಷಕ್ಕೆ ನಾನು ಎಷ್ಟು ಬೇಕಾದರೂ ಕೊಡಲು ತಯಾರು. ಪಕ್ಕದ ಬಫೆಯಲ್ಲಿರುವ ಪ್ರೆಟ್ಸೆಲ್‌ಗೂ ಬಿಯರ್‌ಗೂ ಅಲ್ಲ. ಅಂದಹಾಗೆ ನೀವು ಸಸ್ಯಾಹಾರಿಯಾದರೆ ಜರ್ಮನಿಯಲ್ಲಿ ಬೇಳೆ ಸೂಪ್ ಕಂಡಿತು ಅಂತ ಹಿಗ್ಗಬೇಡಿ. ಅದರಲ್ಲಿ ಹಂದಿಮಾಂಸದ ಚೂರು ಹಾಕುವುದು ಅವರ ರೂಢಿ. ಕೇಳಿಯೇ ಬಡಿಸಿಕೊಳ್ಳಿ.

ಫ್ರಾಂಕ್‌ಫರ್ಟ್‌ನಲ್ಲಿ ಒಂದು ತೊಡಕಿದೆ. ಅಲ್ಲಿ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾದ ಲೌಂಜ್ ಒಂದಲ್ಲ, ಹಲವಾರು. ಪಾಸ್‌ಪೋರ್ಟ್ ತಪಾಸಣೆಗೆ ಮುಂಚೆ ಕೆಲವು, ಆಮೇಲೆ ಕೆಲವು. ನೀವು ಯುರೋಪಿನೊಳಗೇ ಮುಂದಕ್ಕೆ ಹೋಗುವವರಾದರೆ ತಪಾಸಣೆ ಮುಗಿಸಿಕೊಂಡು ಎ ಗೇಟ್‌ಗಳ ಕಡೆಯ ಲೌಂಜ್‌ಗೆ ಹೋಗಿ. ಈಚೆಗೇ ಕೂತು ಸ್ನಾನ, ಕಾಫಿ ಅಂತ ಹಾಯಾಗಿದ್ದರೆ ಆಮೇಲೆ ಪಾಸ್‌ಪೋರ್ಟ್ ಸಾಲು ಎಷ್ಟುದ್ದ ಇರುತ್ತದೋ ದೇವರೇ ಬಲ್ಲ. ಅದೇ ಏರ್‌ಪೋರ್ಟ್‌ನಲ್ಲಿ ಲುಫ್ತಾನ್ಸಾದವರ ಫಸ್ಟ್ ಕ್ಲಾಸ್ ಟರ್ಮಿನಲ್ ಅಂತ ಒಂದು ಬೇರೆ ಕಟ್ಟಡವೇ ಇದೆ, 2004ರಿಂದ. ಅಲ್ಲಿಂದ ವಿಮಾನದ ಹತ್ತಿರಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಸ್ನಾನದ ತೊಟ್ಟಿಯ ಪಕ್ಕ ರಬ್ಬರ್ ಬಾತುಕೋಳಿ ಇಟ್ಟಿರುತ್ತಾರಂತೆ. ನಾನು ಹೊರಗಿಂದ ಕಟ್ಟಡ ನೋಡಿದ್ದೇನೆ, ಬಾತುಕೋಳಿ ನೋಡಿಲ್ಲ.

ಎಕಾನಮಿ ಟಿಕೆಟ್‌ನವನಿಗೆ ಲುಫ್ತಾನ್ಸಾದವರ ಸೆನೇಟರ್ ಲೌಂಜ್ ಹೇಗೆ ಸಿಕ್ಕಿತು ಅಂತೀರಾ? ಸ್ಟಾರ್ ಅಲಯನ್ಸ್ ಗೋಲ್ಡ್. ಸ್ಟಾರ್ ಅಲಯನ್ಸ್ ಅಂದರೆ ಹಲವು ವಿಮಾನ ಕಂಪನಿಗಳ ಕೂಟ, ಗೋಲ್ಡ್ ಅಂದರೆ ಪದೇ ಪದೇ ಹಾರುವವರಿಗೆ ಅದು ಕೊಡುವ ದರ್ಜೆ. ಏರ್ ಇಂಡಿಯಾ 2014ರ ಜುಲೈನಲ್ಲಿ ಆ ಕೂಟ ಸೇರಿತು. ಅದರ ಗೋಲ್ಡ್ ದರ್ಜೆ ಬಂದರೆ ಲುಫ್ತಾನ್ಸಾ, ಸಿಂಗಪುರ್, ಟರ್ಕಿಷ್ ಹೀಗೆ ಕೂಟದ ಯಾವ ವಿಮಾನದಲ್ಲಿ ಎಕಾನಮಿಯಲ್ಲಿ ಹೋದರೂ ಲೌಂಜ್ ಉಂಟು, ಜೊತೆಗೆ ಅದೇ ವಿಮಾನದ ಒಬ್ಬರನ್ನು ಕರೆದುಕೊಂಡೂ ಹೋಗಬಹುದು. ನೀವು ತಿಂಗಳಿಗೆ ಮೂರು ನಾಲ್ಕು ಸಲ ಹಾರುವವರು. ಒಂದು ದಿನ ಈ ಕಂಪನಿ, ಇನ್ನೊಂದು ದಿನ ಆ ಕಂಪನಿ ಅಂತ 300 ರೂಪಾಯಿ ಉಳಿಸಲು ಚದುರಿಸಬೇಡಿ. ಒಂದೇ ಕೂಟದಲ್ಲಿ ಎಲ್ಲಾ ಮೈಲು ಸೇರಿಸಿ. ನನ್ನ ಮಟ್ಟಿಗೆ ಯಾವ ಕಾರ್ಡ್‌ಗಿಂತಲೂ ಇದು ದೊಡ್ಡ ಆಸ್ತಿ. ದುಬೈ ಕಡೆ ಜಾಸ್ತಿ ಓಡಾಡುವವರಿಗೆ ಮಾತ್ರ ಈ ಲೆಕ್ಕ ಬೇರೆ. ಎಮಿರೇಟ್ಸ್ ಯಾವ ಕೂಟದಲ್ಲೂ ಇಲ್ಲ. ಅಲ್ಲಿ ಗಳಿಸಿದ ದರ್ಜೆಯನ್ನು ಲುಫ್ತಾನ್ಸಾದವರ ಮುಂದೆ ಹಿಡಿದರೆ ನಡೆಯುವುದಿಲ್ಲ.

ದೋಹಾದಲ್ಲಿರುವ ಕತಾರ್ ಏರ್‌ವೇಸ್‌ನ ಅಲ್ ಮೂರ್ಜಾನ್ ಲೌಂಜನ್ನು ಎಲ್ಲರೂ ಹೊಗಳುತ್ತಾರೆ. ನಾನು ಒಳಗೆ ಹೋಗಿದ್ದು ಒಂದೇ ಸಲ. ಪೋಲೆಂಡ್‌ನ ಗಿರಾಕಿಯೊಬ್ಬರ ಯಂತ್ರ ನಿಂತುಹೋಗಿ, ಅವಸರಕ್ಕೆ ಅವರೇ ಬಿಸಿನೆಸ್ ಕ್ಲಾಸ್ ಟಿಕೆಟ್ ಕಳಿಸಿದ್ದರು. ಸುಮಾರು 10,000 ಚದರ ಮೀಟರ್ ಅದು. ಅಂದರೆ ಎರಡೂವರೆ ಎಕರೆ ಹತ್ತಿರ! ನಮ್ಮಪ್ಪ ರಾಗಿ ಬೆಳೆಯುವ ಹೊಲ ಅದಕ್ಕಿಂತ ಚಿಕ್ಕದು. ಮಧ್ಯೆ ನೀರಿನ ಕೊಳ, ಸುತ್ತಿಕೊಂಡು ಹೋಗುವ ಮೆಟ್ಟಿಲು, ಮೇಲೆ ಊಟ. ಸಸ್ಯಾಹಾರಿಗಳಿಗೆ ಅರಬರ ಊಟ ಒಗ್ಗುತ್ತದೆ: ಹುಮ್ಮುಸ್, ಸುಟ್ಟ ಬದನೆಕಾಯಿ ಗೊಜ್ಜಿನಂಥ ಮುತಬ್ಬಲ್, ಬಿಸಿ ರೊಟ್ಟಿ. ಚೆಂದ ಇದೆ, ಸುಳ್ಳು ಹೇಳಲ್ಲ. ಆದರೆ ನನ್ನ ನೆನಪಿನಲ್ಲಿ ಉಳಿದದ್ದು ಕತ್ತಲು ಕೋಣೆಯ ಒಂದು ಮಂಚ ಮತ್ತು ಎರಡು ಗಂಟೆ ನಿದ್ದೆ. ಒಂದು ಎಚ್ಚರಿಕೆ: ಕತಾರ್‌ನವರ ಬಿಸಿನೆಸ್ ಲೈಟ್ ಟಿಕೆಟ್‌ನಲ್ಲಿ ಲೌಂಜ್ ಸೇರಿಲ್ಲ. ಅಗ್ಗ ಅಂತ ಕೊಂಡು ಆಮೇಲೆ ಬಾಗಿಲಲ್ಲಿ ಜಗಳ ಆಡಬೇಡಿ. ಎಕಾನಮಿಯವರಿಗೂ ದೋಹಾದಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ನಿಶ್ಶಬ್ದ ಕೋಣೆಗಳಿವೆ. ಒರಗು ಕುರ್ಚಿ ಹಾಕಿದ್ದಾರೆ, ದುಡ್ಡಿಲ್ಲ.

ಸಿಂಗಪುರದ ಚಾಂಗಿಯಲ್ಲಂತೂ ಲೌಂಜ್‌ಗೆ ಹೋಗುವುದೇ ನಷ್ಟ ಅನ್ನಿಸುತ್ತದೆ. ಹೊರಗೇ ಪುಕ್ಕಟೆ ಸಿನಿಮಾ ಮಂದಿರ, ಚಿಟ್ಟೆ ತೋಟ, ಮಲಗುವ ಕುರ್ಚಿ ಎಲ್ಲಾ ಇರುವಾಗ ಒಳಗೆ ಕೂತು ನೂಡಲ್ಸ್ ತಿನ್ನುವುದೇಕೆ. ಇಸ್ತಾನ್‌ಬುಲ್‌ನಲ್ಲಿ ಮಾತ್ರ ನನ್ನ ನಿಯಮ ನಾನೇ ಮುರಿಯುತ್ತೇನೆ. ಟರ್ಕಿಷ್ ಏರ್‌ಲೈನ್ಸ್ ಲೌಂಜ್‌ನಲ್ಲಿ ಒಲೆಯಿಂದ ತೆಗೆದ ಪಿದೆ ರೊಟ್ಟಿ ಕೊಡುತ್ತಾರೆ. ಅಲ್ಲಿ ಬಚ್ಚಲು ಆಮೇಲೆ, ರೊಟ್ಟಿ ಮೊದಲು.

ಇನ್ನು ಕಾರ್ಡ್ ಲೆಕ್ಕ. ಲೌಂಜ್ ಅನ್ನೋದೇ ಮೊದಲು ಆಯ್ದ ಜನಕ್ಕೆ ಮಾತ್ರ ಇದ್ದದ್ದು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕ್‌ನ ಲಗಾರ್ಡಿಯಾದಲ್ಲಿ ಶುರು ಮಾಡಿದ ಅಡ್ಮಿರಲ್ಸ್ ಕ್ಲಬ್‌ಗೆ ಕರೆ ಬಂದವರು ಮಾತ್ರ ಹೋಗಬಹುದಿತ್ತು. ದುಡ್ಡು ಕೊಟ್ಟ ಯಾರಾದರೂ ಬರಲಿ ಅಂತ ಹೊರಟವರಲ್ಲಿ ಹಾಂಗ್‌ಕಾಂಗ್‌ನ ಪ್ಲಾಜಾ ಪ್ರೀಮಿಯಂ ಒಂದು, 1998ರಲ್ಲಿ. ಅದರ ಸ್ಥಾಪಕ ಸಾಂಗ್ ಹೋಯ್ ಸೀ ಬ್ಯಾಂಕಿಂಗ್ ನೌಕರಿ ಬಿಟ್ಟ ಮೇಲೆ ಎಕಾನಮಿಯಲ್ಲಿ ಓಡಾಡಬೇಕಾಗಿ ಬಂದು, ಲೌಂಜ್ ತಪ್ಪಿದ ಸಂಕಟಕ್ಕೆ ತಾವೇ ಒಂದು ತೆರೆದರು. ನನಗೆ ಆ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಯಾರಿಟಿ ಪಾಸ್ ಅಂದರೆ ಹಲವು ದೇಶಗಳ ಲೌಂಜ್‌ಗಳಿಗೆ ಒಳಗೆ ಬಿಡುವ ಒಂದು ಸದಸ್ಯತ್ವ. ಅದಕ್ಕೆ ನೇರವಾಗಿ ಸದಸ್ಯರಾದರೆ 2024ರ ಅಮೆರಿಕದ ದರದಲ್ಲಿ ವರ್ಷಕ್ಕೆ 99 ಡಾಲರ್, ಮೇಲೆ ಪ್ರತಿ ಸಲಕ್ಕೆ 35 ಡಾಲರ್. ನಿಮ್ಮ ಎರಡು ಯುರೋಪ್ ಪ್ರಯಾಣಕ್ಕೆ ಹೋಗುವಾಗ ಬರುವಾಗ ಒಂದೊಂದು ಅಂದರೆ ನಾಲ್ಕು ಸಲ. ಒಟ್ಟು 239 ಡಾಲರ್, ಸುಮಾರು 20,000 ರೂಪಾಯಿ. ನಿಮ್ಮ ಕಾರ್ಡ್‌ನ 10,000ಕ್ಕೆ ಜಿಎಸ್‌ಟಿ ಸೇರಿ 11,800 ಆಗುತ್ತದೆ. ಅದರಲ್ಲಿ ಹೊರದೇಶದ ಭೇಟಿ ಕನಿಷ್ಠ ನಾಲ್ಕು ಪುಕ್ಕಟೆ ಇದ್ದರೆ ತೆಗೆದುಕೊಳ್ಳಿ. ದೇಶದೊಳಗಿನ ಲೌಂಜ್ ಮಾತ್ರ ಅಂತಿದ್ದರೆ ಬೇಡ. ಪುಕ್ಕಟೆ ಭೇಟಿ ನಿಮಗೆ ಮಾತ್ರವಾ, ಜೊತೆಯವರಿಗೂ ಇದೆಯಾ ಅಂತ ಸಣ್ಣ ಅಕ್ಷರ ಓದಿ. ಜೊತೆಯವರ ದುಡ್ಡು ತಿಂಗಳ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಮತ್ತೆ, ಪ್ರಯಾರಿಟಿ ಪಾಸ್ ಹಿಡಿದು ಸೆನೇಟರ್ ಲೌಂಜ್‌ಗೆ ಹೋದರೆ ಒಳಗೆ ಬಿಡುವುದಿಲ್ಲ. ಆ ಏರ್‌ಪೋರ್ಟ್‌ನಲ್ಲಿ, ಆ ಟರ್ಮಿನಲ್‌ನಲ್ಲಿ ಯಾವ ಲೌಂಜ್ ಒಪ್ಪುತ್ತದೆ, ಅದರಲ್ಲಿ ಶವರ್ ಇದೆಯಾ ಅಂತ ಆ್ಯಪ್‌ನಲ್ಲಿ ಹೊರಡುವ ಮುಂಚೆಯೇ ನೋಡಿಕೊಳ್ಳಿ. ಶವರ್ ಇಲ್ಲದ್ದು ಎಷ್ಟೋ ಇವೆ.

ಒಂದು ಸಲ ಪೆಟ್ಟು ತಿಂದ ವಿಷಯ ಹೇಳಲೇಬೇಕು. ಬಹಳಷ್ಟು ಲೌಂಜ್‌ಗಳಲ್ಲಿ ವಿಮಾನ ಹೊರಡುವ ಘೋಷಣೆ ಮಾಡುವುದಿಲ್ಲ. ನನಗೆ ಅದು ಗೊತ್ತಿರಲಿಲ್ಲ. ಸ್ನಾನ ಮಾಡಿ, ಹೊಟ್ಟೆ ತುಂಬ ತಿಂದು, ಸೋಫಾದಲ್ಲಿ ಸುಮ್ನೆ ಕಣ್ಣು ಮುಚ್ಚಿದೆ ಅಷ್ಟೇ. ಎದ್ದಾಗ ಬೋರ್ಡ್‌ನಲ್ಲಿ ನನ್ನ ವಿಮಾನದ ಮುಂದೆ ‘ಗೇಟ್ ಮುಚ್ಚಿದೆ’ ಅಂತಿತ್ತು. ಓಡಿದೆ. ಗಾಜಿನ ಆಚೆ ವಿಮಾನ ನಿಂತಿತ್ತು, ಬಾಗಿಲು ಹಾಕಿತ್ತು. ಹೊಸ ಟಿಕೆಟ್‌ನ ದುಡ್ಡು ನನ್ನ ಸಂಬಳದಲ್ಲಿ ಮೂರು ತಿಂಗಳು ಕಂತಾಗಿ ಹೋಯಿತು. ಈಗ ಫೋನ್‌ನಲ್ಲಿ ಎರಡು ಅಲಾರಂ ಇಡುತ್ತೇನೆ, ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಒಂದು, ಮುಕ್ಕಾಲು ಗಂಟೆ ಮುಂಚೆ ಇನ್ನೊಂದು.

ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗಲೂ ಹುಷಾರು. ಅಮ್ಮನನ್ನು ಒಂದು ಸಲ ವೀಲ್‌ಚೇರ್‌ನಲ್ಲಿ ಕರೆದುಕೊಂಡು ಹೋಗಿದ್ದೆ. ತಳ್ಳುವ ಹುಡುಗ ಲೌಂಜ್‌ನಲ್ಲಿ ಬಿಟ್ಟು ಹೋದ, ವಾಪಸ್ ಯಾವಾಗ ಬರಬೇಕು ಅಂತ ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. ‘ಇಷ್ಟೆಲ್ಲಾ ಇಟ್ಟಿದ್ದಾರೆ, ಯಾರೂ ಬಂದು ಬಡಿಸಲ್ವೇನೋ’ ಅಂತ ಕೇಳುತ್ತಾ ಕೂತಿದ್ದರು. ಕೊನೆಗೆ ಗೇಟ್‌ವರೆಗೆ ನಾನೇ ಇನ್ನೊಂದು ಕುರ್ಚಿ ಹುಡುಕಿ ತಳ್ಳಿದೆ. ಸಮಯವನ್ನು ಚೀಟಿಯಲ್ಲಿ ಬರೆದು ಆ ಹುಡುಗನ ಕೈಗೆ ಕೊಡಿ.

ಯುರೋಪಿಗೆ ಹೊರಡುವಾಗ ಒಂದು ಜೊತೆ ಒಳಬಟ್ಟೆ, ಒಂದು ಅಂಗಿ, ಹಲ್ಲುಜ್ಜುವ ಬ್ರಷ್ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ನೇರ ಮುಂದಿನ ಊರಿಗೆ ಹೋಗಿರುತ್ತದೆ. ಅದೇ ಚೀಲಕ್ಕೆ ಒಂದು ಜೊತೆ ಹವಾಯಿ ಚಪ್ಪಲಿಯನ್ನೂ ಹಾಕಿಕೊಳ್ಳಿ. ಶವರ್ ಕೋಣೆಯಲ್ಲಿ ಅದನ್ನು ಮಾತ್ರ ಯಾರೂ ಇಟ್ಟಿರುವುದಿಲ್ಲ.