ಪ್ರತಿ: ತಮ್ಮನಿಗೂ ಕವಾಸಾಕಿ ಬರುತ್ತಾ, ಜೀನ್ ಟೆಸ್ಟ್ ಮಾಡಿಸಲಾ?

ದೊಡ್ಡ ಮಗನಿಗೆ ಕವಾಸಾಕಿ (ಚಿಕ್ಕ ಮಕ್ಕಳಿಗೆ ಜ್ವರದ ಜೊತೆ ರಕ್ತನಾಳಗಳು ಊದಿಕೊಳ್ಳುವ ಕಾಯಿಲೆ) ಬಂದು ವಾಸಿಯಾಗಿದೆ, ಚಿಕ್ಕವನಿಗೆ ಜೀನ್ ಟೆಸ್ಟ್ ಮಾಡಿಸಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ, ಸುಮ್ನೆ ದುಡ್ಡು ದಂಡ.

ವಂಶದ ಪಾಲು ಇರುವುದು ನಿಜ. ಜಪಾನಿನಲ್ಲಿ ಒಡಹುಟ್ಟಿದವರಿಗೆ ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಸುಮಾರು 10 ಪಟ್ಟು ಜಾಸ್ತಿ. ಆದರೂ ಅದು ನೂರಕ್ಕೆ 2ರಷ್ಟೇ. 2008ರಲ್ಲಿ ಅಲ್ಲಿನ ಸಂಶೋಧಕರು ಐಟಿಪಿಕೆಸಿ ಅನ್ನೋ ಜೀನ್‌ನಲ್ಲಿ ಒಂದೇ ಅಕ್ಷರದ ವ್ಯತ್ಯಾಸ ಪತ್ತೆ ಮಾಡಿದರು. ಈ ಜೀನ್, ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಕಣಗಳಿಗೆ ಬ್ರೇಕ್ ಇದ್ದ ಹಾಗೆ. ಬ್ರೇಕ್ ಸಡಿಲವಾದರೆ ಅವು ವಿಪರೀತ ಕೆರಳುತ್ತವೆ, ಹೃದಯದ ರಕ್ತನಾಳಕ್ಕೆ ಪೆಟ್ಟು ಬೀಳುವ ಅಪಾಯವೂ ಹೆಚ್ಚುತ್ತದೆ. ಆದರೆ ಈ ವ್ಯತ್ಯಾಸ ಇದ್ದೂ ಆರಾಮಾಗಿರುವ ಮಕ್ಕಳೇ ಜಾಸ್ತಿ. ಮತ್ತೆ ರಿಪೋರ್ಟ್ ಇಟ್ಟುಕೊಂಡು ಮಾಡೋದೇನು, ಅಲ್ವಾ?

ಅದರ ಬದಲು ಮಗುವಿನ ಮೇಲೆ ಕಣ್ಣಿಡಿ. ಬಿಡದ ಜ್ವರ, ಗೀಜು ಇಲ್ಲದೆ ಕೆಂಪಾದ ಕಣ್ಣು, ಒಡೆದ ತುಟಿ, ಸ್ಟ್ರಾಬೆರಿ ತರದ ನಾಲಿಗೆ ಕಂಡರೆ ಓಡಿ. ನಮ್ಮಣ್ಣನ ಮಗಳಿಗೆ ಉಗುರಿನ ಅಂಚಿನಿಂದ ಚರ್ಮ ಸುಲಿದಿದ್ದು ಎರಡು ವಾರದ ಮೇಲೆ, ಅಷ್ಟರವರೆಗೆ ಕಾಯಬೇಡಿ. ಜ್ವರ ಶುರುವಾದ 10 ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಡ್ರಿಪ್ ಹಾಕಿದರೆ ರಕ್ತನಾಳ ಉಬ್ಬುವ ಅಪಾಯ ನೂರಕ್ಕೆ 25ರಿಂದ 5ರ ಆಸುಪಾಸಿಗೆ ಇಳಿಯುತ್ತದೆ. ಡಾಕ್ಟರ್ ಹತ್ತಿರ ಹೋದಾಗ ಅಣ್ಣನಿಗೆ ಆಗಿತ್ತು ಅಂತ ಮೊದಲೇ ಹೇಳಿಬಿಡಿ.